ಮೂರು ಬೆರಳು, ಒಂದು ಮುದ್ದಿ ಮಣ್ಣು



ಪ್ರತಿ ಸಲ ತೊಗರಿ, ಹತ್ತಿ, ಕಾಲುವೆ ನೀರು ಅಂತ ಬರೀತಿದ್ದ ನಾನು ಇವತ್ತು ಗಡಿಗಿ ವಿಷಯ ಬರೀಲಾಕತ್ತೀನಿ. ಕಾರಣ ಎರಡು ಅದಾವ. ಒಂದು, ಯಾದಗಿರಿ ಗಂಜ್‌ನಲ್ಲಿ ಸಿಕ್ಕವರೆಲ್ಲ "ಕುಂಬಾರಿಕಿ ಮಾಡ್ಲಾಕತ್ತಿ ಅಂತಲ್ಲಪಾ, ಹೊಲ ಬಿಟ್ಟೇನು?" ಅಂತ ಕೇಳ್ತಾರ. ಹೊಲ ಬಿಟ್ಟಿಲ್ಲ. ಎರಡನೇದು, ನಮ್ಮ ಸುತ್ತಿನ ಹಳ್ಳಿಗಳಲ್ಲಿ ರಾಶಿ ಮಷಿನ್‌ಗೆ, ಮೇವು ಕತ್ತರಿಸೋ ಮಷಿನ್‌ಗೆ ಬೆರಳು ಕೊಟ್ಟವರು ಮನೆಯಲ್ಲಿ ಗೋಡೆ ಕಡೆ ಮುಖ ಮಾಡಿ ಕುಂತಾರ. ನಾನೂ ಹಂಗ ಕುಂತವನೇ. ಅವರಿಗೋಸ್ಕರ ಇದು.

ನನ್ನ ಬಲಗೈ ಗೊತ್ತಿದ್ದವರಿಗೆ ಗೊತ್ತದ. 2022ರ ಜನವರಿ, ತೊಗರಿ ರಾಶಿ ನಡೆದಿತ್ತು. ಕಿರುಬೆರಳು, ಉಂಗುರ ಬೆರಳು ಬುಡಕ್ಕೇ ಹೋದವು. ನಡುಬೆರಳು ಉಳೀತು, ಆದರೆ ಪೂರ್ತಿ ಮಡಚೋದಿಲ್ಲ. ಮಷಿನ್ ಯಾರದು, ಹೆಂಗಾಯ್ತು ಅನ್ನೋದು ಈ ಬರಹದ ವಿಷಯ ಅಲ್ಲ. ಕಲಬುರಗಿಯಲ್ಲಿ ಎರಡು ಆಪರೇಷನ್ ಆದವು, ಗಾಯ ಮಾಯ್ತು. ಮಾಯಲಾರದ್ದು ಬೇರೆ ಇತ್ತು.

ಕುಡುಗೋಲು ಹಿಡಿಯಾಕ ಬರ್ತಿರಲಿಲ್ಲ. ಹಗ್ಗಕ್ಕ ಗಂಟು ಹಾಕಾಕ ಬರ್ತಿರಲಿಲ್ಲ. ಎಮ್ಮಿ ಹಿಂಡಾಕ ಕುಂತರ ಹಾಲು ಮೊಣಕೈಗುಂಟ ಹರೀತಿತ್ತು. ಎಲ್ಲಕ್ಕಿಂತ ದೊಡ್ಡದು ರೊಟ್ಟಿ. ಜೋಳದ ರೊಟ್ಟಿ ಮುರಿದು ಪಲ್ಯ ಹಿಡಿದು ಬಾಯಿಗೆ ಇಡೋದು ಐದೂ ಬೆರಳಿನ ಕೆಲಸ ಅಂತ ನನಗೆ ಅಲ್ಲಿ ತನಕ ಗೊತ್ತೇ ಇರಲಿಲ್ಲ. ಪಂಕ್ತಿಯೊಳಗ ಎಡಗೈಲೆ ಉಣ್ಣೋದು ಹೆಂಗ? ಮದುವಿ, ಜಾತ್ರಿ, ದೇವರ ಊಟ ಎಲ್ಲಾ ಬಿಟ್ಟೆ. ಬ್ಯಾಸಿಗಿಯಲ್ಲಿ ಎತ್ತಿನ ಜೋಡಿ ಮಾರಿದೆ. ಆ ವರ್ಷ ಕಾರಹುಣ್ಣಿಮಿಗೆ ನಮ್ಮ ಮನಿ ಮುಂದ ಬಣ್ಣ ಹಚ್ಚಿದ ಕೊಂಬು ಇರಲಿಲ್ಲ.

ರಾತ್ರಿ ಇಲ್ಲದ ಕಿರುಬೆರಳು ತುರಸ್ತಿತ್ತು. ತಮಾಷಿ ಅಲ್ಲ, ನಿಜ. ಬೆರಳು ಹೋದರೂ ಮಿದುಳಿನಲ್ಲಿ ಅದರ ಜಾಗ ಹಂಗೇ ಇರ್ತದ, ಅದಕ್ಕ ಹಿಂಗ ಆಗ್ತದ ಅಂತ ಡಾಕ್ಟರು ಹೇಳಿದ್ರು. ಕಣ್ಣು ಮುಚ್ಚಿದರ ಮಷಿನ್ ಸಪ್ಪಳ. ಮೂರು ತಿಂಗಳು ಹೊಲದ ಮುಖ ನೋಡಲಿಲ್ಲ. ಒಂದಿನ ಕೊಟ್ಟಿಗಿಯೊಳಗ ನೋಡ್ತೀನಿ, ಹತ್ತಿಗೆ ಹೊಡೆಯೋ ಎಣ್ಣಿ ಡಬ್ಬಿ ಒಂದೂ ಇಲ್ಲ. ಮನಿಯಾಕಿ ಎಲ್ಲಾ ಎತ್ತಿ ತನ್ನ ತವರುಮನಿಗೆ ಕಳಿಸಿದ್ದಳು. ಯಾಕ ಅಂತ ನಾ ಕೇಳಲಿಲ್ಲ. ಆಕಿನೂ ಹೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು. ಮರುದಿನ ಆಕಿನೇ ನನ್ನ ಕರಕೊಂಡು ಡಾಕ್ಟರ ಹತ್ರ ಹೋದಳು. ಎಂಟು ತಿಂಗಳು ಮನಸ್ಸಿನ ಗುಳಿಗಿ ತಗೊಂಡೀನಿ. ಬರೀ ಮಣ್ಣು ಮುಟ್ಟಿದ್ದರಿಂದ ಎಲ್ಲಾ ಸರಿ ಆಯ್ತು ಅಂತ ಯಾರೂ ತಿಳೀಬಾರದು, ಅದಕ್ಕ ಇದನ್ನ ಮೊದಲೇ ಹೇಳಿಬಿಟ್ಟೆ.

ಇನ್ನು ಮಣ್ಣಿನ ಮಾತು.

ಕೈಗೆ ವ್ಯಾಯಾಮ ಹೇಳಿಕೊಡೋ ಮೇಡಂ ಒಬ್ಬರು ಹಿಚುಕಾಕ ಒಂದು ರಬ್ಬರ್ ಚೆಂಡು ಕೊಟ್ಟಿದ್ರು. ದಿನಕ್ಕ ನೂರು ಸಲ ಹಿಚುಕು ಅಂದ್ರು. ನಾಕು ದಿನ ಹಿಚುಕಿ ಒಗದೆ. ಮುಂದಿನ ಸಲ ಹೋದಾಗ ಅವರು ಬೈಲಿಲ್ಲ. "ಈ ಕೈ ಮೊದಲು ಏನು ಕೆಲಸ ಮಾಡ್ತಿತ್ರಿ?" ಅಂತ ಕೇಳಿದ್ರು. "ಮಣ್ಣಿನ ಕೆಲಸ ಬಿಟ್ಟು ಮತ್ತೇನ್ರಿ" ಅಂದೆ. "ಹಂಗಾದ್ರ ಮಣ್ಣೇ ಹಿಚುಕ್ರಿ. ಗಾಯ ಪೂರ್ತಿ ಮುಚ್ಚಿರಬೇಕು, ಧನುರ್ವಾಯು ಇಂಜೆಕ್ಷನ್ ಆಗಿರಬೇಕು, ಅಷ್ಟೇ" ಅಂದ್ರು.

ಮಣ್ಣೆತ್ತಿನ ಅಮಾವಾಸಿ ಹತ್ರ ಬಂದಿತ್ತು. ನಮ್ಮ ಕಡೆ ಮಣ್ಣಿನ ಪೂಜಿ ಐದು: ಮಣ್ಣೆತ್ತು, ಗುಳ್ಳವ್ವ, ನಾಗಪ್ಪ, ಗಣಪ್ಪ, ಜೋಕುಮಾರ. ಮುಂಗಾರು ಶುರುವಾದಾಗಿಂದ ಭಾದ್ರಪದದ ತನಕ ಒಂದಾದ ಮೇಲೊಂದು ಬರ್ತಾವ. ಮೊದಲನೇದು ಎತ್ತು. ಮಾರಿದ ಜೋಡಿ ನೆನಪಾಗಿ, ನಾನೇ ಎತ್ತು ಮಾಡೋಣ ಅಂತ ನಮ್ಮ ಎರಿ ಹೊಲದ ಮಣ್ಣು ತಂದು ಕಲಸಿದೆ. ಮಾಡಿದೆ. ಮರುದಿನಕ್ಕ ಎತ್ತಿನ ಬೆನ್ನು ಸೀಳಿ ನಾಕು ತುಂಡು.

ಪಕ್ಕದ ಊರಿನಲ್ಲಿ ಕುಂಬಾರ ಕಾಕಾ ಅದಾನ. ವಯಸ್ಸು ಎಪ್ಪತ್ತರ ಮೇಲೆ. ನಮ್ಮಪ್ಪನ ಕಾಲದಿಂದ ನಮ್ಮ ಮನಿಗೆ ಗಡಿಗಿ ಕೊಟ್ಟವನು. ಅವನ ಹತ್ರ ಹೋಗಿ "ಕಾಕಾ, ಒಂದು ಮುದ್ದಿ ಮಣ್ಣು ಕೊಡು" ಅಂದೆ. ಬಿದ್ದು ಬಿದ್ದು ನಕ್ಕ. "ಆರು ಎಕರೆ ಮಣ್ಣಿನ ಧಣಿ ನೀ, ನನ್ನ ಹತ್ರ ಮಣ್ಣು ಬೇಡಾಕ ಬಂದಿಯಲ್ಲೋ!"

ಆಮ್ಯಾಲ ಕೂಡಿಸಿಕೊಂಡು ಹೇಳಿದ. ಕೇಳಿದ್ರ ನಮಗೂ ಉಪಯೋಗ ಆಗೋ ಮಾತದು. ಎರಿ ಮಣ್ಣು ನೀರು ಕುಡಿದು ಉಬ್ಬತದ, ಒಣಗಿದರ ಕುಗ್ಗತದ. ಏಪ್ರಿಲ್ ತಿಂಗಳಲ್ಲಿ ಹೊಲದಾಗ ಕೈ ಹೋಗೋವಷ್ಟು ಬಿರುಕು ಬಿಡೋದು ಅದಕ್ಕೇ. ಹೊಲದಾಗ ಬಿರುಕು ಬಿಡೋ ಮಣ್ಣು ಗಡಿಗಿಯೊಳಗ ಸುಮ್ಮನೆ ಇದ್ದೀತೇನು? ಬರೀ ಮಸಾರಿ ಮಣ್ಣಾದರ ಅಂಟೇ ಇಲ್ಲ, ಕೈಯಾಗ ಉದುರತದ. ಕಾಕಾ ಕೆರೆ ಹೂಳು ತರತಾನ. ಬ್ಯಾಸಿಗಿಯಲ್ಲಿ ನೀರು ಹಿಂದ ಸರಿದಾಗ ಅಂಚಿಗೆ ಉಳಿಯೋ ನುಣ್ಣನೆ ಜೇಡಿ. ಅದಕ್ಕ ಒಂದು ಪಾಲು ಮಸಾರಿ, ಸ್ವಲ್ಪ ಸಾಣಿಸಿದ ಬೂದಿ, ಲದ್ದಿ. ಒಣಗಿಸಿ, ಕುಟ್ಟಿ, ಸಾಣಿಸಿ, ನೀರಾಗ ನೆನೆಸಿ, ಕಾಲಿಲೆ ತುಳೀತಾನ. ಹದ ನೋಡೋದು ಸುಲಭ: ಬೆರಳು ದಪ್ಪದ ಬತ್ತಿ ಹೊಸೆದು ಹೆಬ್ಬೆರಳಿಗೆ ಉಂಗುರದಂಗ ಸುತ್ತಬೇಕು. ಸೀಳಿದರ ಅಂಟು ಸಾಲದು. ಸೀಳಲಿಲ್ಲ ಅಂದ್ರ ಅದನ್ನ ನೆರಳಾಗ ಒಣಗಿಸಿ ನೋಡಬೇಕು. ಅಲ್ಲೂ ಬಿರುಕು ಬಿಡಲಿಲ್ಲ ಅಂದ್ರ ಮಣ್ಣು ಪಾಸು.

ಮೊದಲ ತಿಂಗಳು ಕಾಕಾ ನನಗೆ ಕೊಟ್ಟ ಕೆಲಸ ಒಂದೇ. ತುಳಿದ ಮಣ್ಣಾಗ ಹರಳು ಹುಡುಕೋದು. ನಮ್ಮ ಕಡೆ ಮಣ್ಣಾಗ ಸುಣ್ಣದ ಹರಳು ಭಾಳ. ಅಕ್ಕಿಕಾಳಿನಷ್ಟು ಹರಳು ಗಡಿಗಿಯೊಳಗ ಉಳಿದರ, ಬೆಂಕಿಯಲ್ಲಿ ಅದು ಸುಟ್ಟ ಸುಣ್ಣ ಆಗ್ತದ, ಆಮ್ಯಾಲ ಗಾಳಿಯ ತೇವ ಕುಡಿದು ಉಬ್ಬಿ ಗಡಿಗಿಯ ಚಕ್ಕಳಿ ಹಾರಿಸ್ತದ. ಮಾರಿ ಎಂಟು ದಿನ ಆದ ಮೇಲೆ ಹಾರಿದರ ಹೆಸರು ಕೆಡೋದು ಕುಂಬಾರಂದು. ಅದಕ್ಕ ಒಂದೊಂದು ಮುದ್ದಿನೂ ಹಿಚುಕಿ, ತಿಕ್ಕಿ, ಬೆರಳ ತುದಿಯಿಂದ ಹುಡುಕಬೇಕು. ಮೊದಲ ವಾರ ನನ್ನ ನಡುಬೆರಳಿಗೆ ಏನೂ ತಿಳೀತಿರಲಿಲ್ಲ, ಮರದ ತುಂಡಿನಂಗ ಇತ್ತು. ಮೂರನೇ ವಾರ ಒಂದು ಹರಳು ಆ ಬೆರಳಿಗೇ ಸಿಕ್ತು. ಹೆಬ್ಬೆರಳಿಗಲ್ಲ, ತೋರುಬೆರಳಿಗಲ್ಲ, ಆ ಸತ್ತ ಬೆರಳಿಗೆ. ಹರಳು ಅಂಗೈಯಾಗ ಇಟ್ಕೊಂಡು ಭಾಳ ಹೊತ್ತು ಕುಂತೆ. ಕಾಕಾ ನೋಡಿದ, ಏನೂ ಅನ್ನಲಿಲ್ಲ. ಇನ್ನೊಂದು ಮುದ್ದಿ ನನ್ನ ಕಡೆ ಸರಿಸಿದ.

ರಾತ್ರಿ ನಿದ್ದಿ ಬರ್ತಾ ಹೋಯ್ತು. ಎರಡು ತಾಸು ಮಣ್ಣು ನಾದಿದ ತೋಳು ತಾನೇ ನಿದ್ದಿ ಕೇಳ್ತದ. ಇದು ನನ್ನೊಬ್ಬನ ಅನುಭವ ಅಲ್ಲ. 1904ರಲ್ಲಿ ಅಮೆರಿಕದ ಮಾರ್ಬಲ್‌ಹೆಡ್ ಅನ್ನೋ ಊರಿನಲ್ಲಿ ಹರ್ಬರ್ಟ್ ಹಾಲ್ ಅನ್ನೋ ಡಾಕ್ಟರು ನರದೌರ್ಬಲ್ಯದ ರೋಗಿಗಳಿಗೆ ಮಡಿಕೆ ಮಾಡೋ ಕೆಲಸ ಹಚ್ಚಿದ್ರಂತ. ಆ ಕಾಲದಲ್ಲಿ ಇಂಥ ರೋಗಿಗಳಿಗೆ ಮಲಗಿ ವಿಶ್ರಾಂತಿ ತಗೋರಿ ಅನ್ನೋದೇ ಪದ್ಧತಿ. ಈ ಡಾಕ್ಟರು ಕೈಗೆ ಕೆಲಸ ಕೊಟ್ಟರು. ಮುಂದ ಆ ಜಾಗ ಹೆಸರಾದ ಮಡಿಕೆ ಕಾರ್ಖಾನೆನೇ ಆಯ್ತು.

ತಿಗರಿ ಮಾತ್ರ ನನಗೆ ಒಲೀಲಿಲ್ಲ. ತಿರುಗೋ ಮಣ್ಣನ್ನ ಎರಡೂ ಅಂಗೈ ಸಮ ಒತ್ತಿ ನಡುವಿಗೆ ತರಬೇಕು. ನನ್ನ ಬಲಗೈ ಒಂದು ಕಡೆ ಖಾಲಿ, ಆ ಖಾಲಿ ಕಡೆಯಿಂದ ಮಣ್ಣು ಹಾರಿ ಗೋಡೆಗೆ ಬೀಳ್ತಿತ್ತು. ಕಾಕಾ ನಾಕು ಸಲ ನೋಡಿ "ತಿಗರಿ ಬ್ಯಾಡ. ಬತ್ತಿ ಹೊಸಿ, ಸುತ್ತು ಹಾಕು, ಬಡಿ" ಅಂದ. ಮಣ್ಣಿನ ಬತ್ತಿಯನ್ನ ಹಾವಿನಂಗ ಸುತ್ತಿ ಸುತ್ತಿ ಮೇಲಕ್ಕ ಏರಿಸೋದು, ಸಂದು ಒರೆಸೋದು, ಒಳಗ ಒಂದು ಗುಂಡುಕಲ್ಲು ಹಿಡಿದು ಹೊರಗಿಂದ ಕಟ್ಟಿಗೆ ಹಲಗಿಯಿಂದ ಬಡಿದು ತೆಳು ಮಾಡೋದು. ಇದಕ್ಕ ಮೂರು ಬೆರಳು ಸಾಕು.

ನಮ್ಮೂರಿನ ಮೇಷ್ಟ್ರು ಒಬ್ಬರು ಇದನ್ನ ನೋಡಿ ಒಂದು ಮಾತು ಹೇಳಿದ್ರು. ಸುರಪುರ ಸೀಮೆಯ ಬೂದಿಹಾಳದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಪ್ರೊಫೆಸರ್ ಕೆ. ಪದ್ದಯ್ಯ ಅವರು ಉತ್ಖನನ ಮಾಡಿದ ಬೂದಿದಿಬ್ಬ ಅದ. ಸುಮಾರು ನಾಲ್ಕು ಸಾವಿರ ವರ್ಷ ಹಿಂದ ಅಲ್ಲಿ ದನ ಕಟ್ಟಿಕೊಂಡು ಬಾಳಿದ ಮಂದಿ, ಸಗಣಿ ಗುಡ್ಡೆ ಹಾಕಿ ಸುಟ್ಟ ಬೂದಿಯೇ ಆ ದಿಬ್ಬ. ಅವರ ಗಡಿಗಿಗಳು ಹೆಚ್ಚಿನವು ತಿಗರಿ ಇಲ್ಲದೆ ಕೈಯಿಂದಲೇ ಮಾಡಿದವು. ಆಚೆ ರಾಯಚೂರು ಜಿಲ್ಲೆಯ ಪಿಕ್ಲಿಹಾಳದ ಬಂಡೆಗಳ ಮೇಲೆ ಆ ಕಾಲದವರು ಡುಬ್ಬದ ಎತ್ತಿನ ಚಿತ್ರ ಬಿಟ್ಟು ಹೋಗ್ಯಾರ. "ನೀವು ಹಿಂದ ಬಿದ್ದಿಲ್ಲ, ಭಾಳ ಹಳೇ ಸಾಲಿನಾಗ ಕುಂತೀರಿ" ಅಂದ್ರು ಮೇಷ್ಟ್ರು. ಆ ಮಾತು ನನಗೆ ಎರಡು ಗುಳಿಗಿಯಷ್ಟು ಕೆಲಸ ಮಾಡ್ತು.

ಎತ್ತು ಮಾಡ್ತಾ ಮಾಡ್ತಾ ಇನ್ನೊಂದು ಕಂಡೆ. ಹೆಬ್ಬೆರಳು ಮತ್ತು ಮಡಚಲಾರದ ನಡುಬೆರಳಿನ ನಡುವ ಮಣ್ಣು ಹಿಡಿದು ಒತ್ತಿದರ ಅಲ್ಲಿ ಡುಬ್ಬ ಏಳ್ತದ. ನೆಟ್ಟಗೆ, ಸ್ವಲ್ಪ ಮುಂದಕ್ಕ ಬಾಗಿದ ಡುಬ್ಬ, ಮಾರಿದ ನನ್ನ ಎತ್ತಿನಂಥದು. ಎರಡೂ ಕೈ ಚಲೋ ಇದ್ದವರು ಅದನ್ನ ಮಾಡಾಕ ನೋಡಿದರ ಹಂಗ ಬರೋದಿಲ್ಲ. ಮುಂದಿನ ವರ್ಷದ ಅಮಾವಾಸಿಗೆ ನಲವತ್ತು ಜೋಡಿ ಮಾಡಿದೆ. ಡುಬ್ಬ ನೋಡಿ ಮಂದಿ ಗುರ್ತು ಹಿಡೀತಾರ ಈಗ.

ಇಲ್ಲಿಗೆ ಬರಹ ನಿಲ್ಲಿಸಿದ್ರ ಕಥಿ ಸಿಹಿ ಆಗ್ತಿತ್ತು. ಆದರ ಮುಂದಿನದು ಹೇಳಲೇಬೇಕು.

ಒಂದಿನ ಯಾದಗಿರಿಯಿಂದ ಬಂದವರೊಬ್ಬರು ನನ್ನ ಒಂದು ಜೋಡಿ ಎತ್ತಿಗೆ ಇನ್ನೂರು ರೂಪಾಯಿ ಕೊಟ್ಟರು. ಅದೇ ಕಟ್ಟಿಯ ಮೇಲೆ ಕಾಕಾನ ಹರವಿ ಇತ್ತು. ಹತ್ತು ಕೊಡ ಮಣ್ಣು ತುಳಿದು, ಎರಡು ದಿನ ಬಡಿದು ಮಾಡಿದ ಹರವಿ. ಅದಕ್ಕ ನೂರೈವತ್ತಕ್ಕ ಚೌಕಾಸಿ ಮಾಡಿ, ಬ್ಯಾಡ ಅಂತ ಬಿಟ್ಟು ಹೋದ್ರು. ಆ ದಿನ ಕಾಕಾ ಮಾತಾಡಲಿಲ್ಲ. ಸಂಜಿಗೆ ಬೀಡಿ ಹಚ್ಚಿ ಅಂದ: "ತಮ್ಮಾ, ನಿನಗ ಇದು ಮದ್ದು. ನನಗ ಇದು ಹೊಟ್ಟಿ. ಮದ್ದು ರುಚಿ ಹತ್ತಿತು ಅಂತ ನನ್ನ ಗಂಗಾಳದಾಗ ಕೈ ಹಾಕಬ್ಯಾಡ."

ಏನಂತ ಉತ್ತರ ಕೊಡ್ಲಿ? ಅವನ ಕಾಲಿನ ಕೀಲು ತುಳಿದು ತುಳಿದು ಹೋಗ್ಯಾವ, ಬೆನ್ನು ಬಾಗ್ಯಾದ. ಅವನ ಮಗ ಪುಣೆಯಲ್ಲಿ ಕಟ್ಟಡ ಕೆಲಸಕ್ಕ ಹೋಗ್ಯಾನ, ತಿಗರಿ ಮುಟ್ಟೋದಿಲ್ಲ. ನನಗೆ ಸಮಾಧಾನ ಕೊಡೋ ಮಣ್ಣು ಅವನಿಗೆ ಕೀಲುನೋವು ಕೊಟ್ಟದ. ಇದನ್ನ ಮರೆತು "ಮಣ್ಣು ದೇವರು" ಅಂತ ನಾನೊಬ್ಬನೇ ಹಾಡಿಕೊಂಡು ಕೂಡ್ರೋದು ಸರಿ ಅನ್ನಿಸಲಿಲ್ಲ.

ಆ ರಾತ್ರಿ ನಮ್ಮಪ್ಪನ ಕಾಲದ ಆಯ ನೆನಪಾಯ್ತು. ಹಿರಿಯರಿಗೆ ಗೊತ್ತದ, ಹುಡುಗರಿಗೆ ಹೇಳ್ತೀನಿ. ರಾಶಿ ಆದ ಮೇಲೆ ಕಣದಾಗೇ ಕುಂಬಾರ, ಬಡಿಗ, ಕಮ್ಮಾರ ಎಲ್ಲರಿಗೂ ಅವರವರ ಪಾಲಿನ ಜೋಳ ಅಳೆದು ಕೊಡೋದು. ಅವರು ವರ್ಷವಿಡೀ ಕೆಲಸ ಮಾಡೋದು. ಹರವಿ, ಗಡಿಗಿ, ದೀಪಾವಳಿಗೆ ಹಣತಿ, ಮದುವಿಗೆ ಐರಾಣಿ ಗಡಿಗಿ, ಕಡಿಗೆ ಸ್ಮಶಾನದಾಗ ಒಡೆಯೋ ಗಡಿಗಿನೂ ಕುಂಬಾರಂದೇ. ಆ ಪದ್ಧತಿಯೊಳಗ ಮೇಲು ಕೀಳು ಇತ್ತು, ಕುಂಬಾರ ಕಣದ ಅಂಚಿಗೆ ನಿಂತು ಕಾಯಬೇಕಿತ್ತು. ಅದು ಹೋಗಿದ್ದೇ ಚಲೋ. ಆದರ ಅದರ ಜೊತಿಗೆ ಪ್ಲಾಸ್ಟಿಕ್ ಕೊಡ ಬಂತು, ಕೊಡು-ತಗೋ ಅನ್ನೋದೂ ಹೋಯ್ತು. ಹನ್ನೆರಡನೇ ಶತಮಾನದ ಶರಣ ಕುಂಬಾರ ಗುಂಡಯ್ಯ ನಮ್ಮ ಕಲ್ಯಾಣ ನಾಡಿನ ಭಾಲ್ಕಿಯವರು. ಅವರು ಗಡಿಗಿ ಬಡಿಯೋ ತಾಳಕ್ಕ ಶಿವನೇ ಕುಣಿದ ಅಂತ ಹರಿಹರ ಕವಿ ರಗಳೆ ಬರೆದ. ಅವರ ಹೆಂಡತಿ ಕೇತಲದೇವಿ ವಚನ ಬರೆದಾಕಿ. ಜಯಂತಿ ದಿನ ಫೋಟೋಕ್ಕ ಹಾರ ಹಾಕ್ತೀವಿ, ಕುಂಬಾರನ ಹರವಿಗೆ ಚೌಕಾಸಿ ಮಾಡ್ತೀವಿ.

ಮರುದಿನ ಕಾಕಾ ಮತ್ತು ನಾನು ಕುಂತು ಮಾತಾಡಿ ಮೂರು ಕರಾರು ಮಾಡಿಕೊಂಡ್ವಿ.

ಒಂದು: ಹರವಿ, ಗಡಿಗಿ, ಹಣತಿ ನಾನು ಮಾರೋದಿಲ್ಲ. ಅದು ಕಾಕಾನ ಕಸುಬು. ಕೇಳಿ ಬಂದವರನ್ನ ಅವನ ಮನಿಗೇ ಕಳಿಸಬೇಕು.

ಎರಡು: ನನ್ನ ಮಣ್ಣೆತ್ತು ಹಸಿ ಮಣ್ಣಿನವು, ಪೂಜಿ ಮುಗಿದ ಮೇಲೆ ನೀರಿಗೆ ಹೋಗ್ತಾವ. ಸುಡೋದು ಏನಿದ್ದರೂ ಕಾಕಾನ ಆವಿಗಿಯೊಳಗೇ ಸುಡಬೇಕು, ಬಂದ ದುಡ್ಡಿನಾಗ ಅರ್ಧ ಅವನಿಗೆ.

ಮೂರು: ಆವಿಗಿಗೆ ಉರುವಲ ನಂದು. ನಮ್ಮ ಹೊಲದ ತೊಗರಿ ಕಟಗಿ, ಹತ್ತಿ ಕಟಗಿ ಪ್ರತಿ ವರ್ಷ ಒಂದು ಟ್ರ್ಯಾಕ್ಟರ್. ನನ್ನ ಬೆರಳು ತಗೊಂಡ ತೊಗರಿಯ ಕಟಗಿ ಈಗ ನನ್ನ ಗಡಿಗಿ ಸುಡ್ತದ. ಅದನ್ನ ನೆನಸಿಕೊಂಡ್ರ ಮೊದಲಿನಂಗ ಎದಿ ಹಿಂಡೋದಿಲ್ಲ.

ನಾನು ಸುಡೋ ಗಡಿಗಿ ಯಾವುದು ಅಂದ್ರ ಹೊಲದಾಗ ಹೂಳೋ ಗಡಿಗಿ. ಇದು ನಿಮಗೆಲ್ಲ ಉಪಯೋಗ ಆಗೋ ವಿಷಯ, ಸ್ವಲ್ಪ ಬಿಡಿಸಿ ಬರೀತೀನಿ. ಕಿರಿದಾದ ಬಾಯಿಯ, ಐದಾರು ಲೀಟರ್ ಹಿಡಿಯೋ ಗಡಿಗಿ. ಮಣ್ಣಿಗೆ ಸಾಣಿಸಿದ ಭತ್ತದ ಹೊಟ್ಟು ಕಲಸ್ತೀನಿ. ಬೆಂಕಿಯಲ್ಲಿ ಹೊಟ್ಟು ಸುಟ್ಟು ಹೋಗಿ ಸಣ್ಣ ಸಣ್ಣ ತೂತು ಉಳೀತಾವ. ಗಿಡದ ಪಕ್ಕ ಗುಂಡಿ ತೆಗೆದು, ಬಾಯಿ ಒಂದು ಇಂಚು ಮೇಲೆ ಇರೋ ಹಂಗ ಹೂಳಬೇಕು. ನೀರು ತುಂಬಿ ಮುಚ್ಚಳ ಹಾಕಬೇಕು. ಸುತ್ತಿನ ಮಣ್ಣು ಒಣಗಿದಷ್ಟೂ ನೀರು ಎಳಕೋತದ, ತೇವ ಆದರ ಎಳಿಯೋದು ನಿಧಾನ ಆಗ್ತದ. ಬೇರು ತಾನೇ ಗಡಿಗಿ ಹುಡುಕಿ ಬಂದು ತಬ್ಬಿಕೋತದ. ಹೊಸದೇನಲ್ಲ ಇದು. ಎರಡು ಸಾವಿರ ವರ್ಷದ ಹಿಂದ ಚೀನಾದ ಫಾನ್ ಶೆಂಗ್‌ಝಿ ಅನ್ನೋ ಪಂಡಿತ ತನ್ನ ಕೃಷಿ ಪುಸ್ತಕದಾಗ, ಹೂತ ಗಡಿಗಿ ಸುತ್ತ ಬಳ್ಳಿಕಾಯಿ ಹಚ್ಚೋದನ್ನ ಬರೆದಾನ.

ನನ್ನ ಮಸಾರಿ ತುಂಡಿನಾಗ ಇಪ್ಪತ್ತು ನಿಂಬಿ ಸಸಿ ಹಚ್ಚಿ, ಒಂದೊಂದಕ್ಕ ಒಂದು ಗಡಿಗಿ ಹೂತೀನಿ. ಬ್ಯಾಸಿಗಿಯಲ್ಲಿ ನಾಕು ದಿನಕ್ಕೊಮ್ಮೆ ತುಂಬಿದೆ. ಒಂದೂ ಸಸಿ ಒಣಗಲಿಲ್ಲ. ಎರಿ ಹೊಲಕ್ಕ ಇದನ್ನ ನಾ ಹೇಳೋದಿಲ್ಲ, ಬಿರುಕು ಬಿಡೋ ಮಣ್ಣು ಗಡಿಗಿ ಒಡೀತದ. ಉಪ್ಪು ನೀರಾದರ ತೂತು ಕಟ್ಟತಾವ, ವರ್ಷಕ್ಕೊಮ್ಮೆ ಕಿತ್ತು ತಿಕ್ಕಿ ತೊಳೀಬೇಕು.

ಹೋದ ವರ್ಷ ಇಂಥ ಗಡಿಗಿ ನೂರಾ ಇಪ್ಪತ್ತು ಹೋದವು. ದೊಡ್ಡ ದುಡ್ಡಲ್ಲ. ಆದರ ಕಾಕಾ ಆವಿಗಿ ವರ್ಷಕ್ಕ ಎರಡು ಸಲ ಹಚ್ಚೋದು ಆರು ಸಲ ಆಗ್ಯಾದ. ಒಂದು ಮುದ್ದಿ ಮಣ್ಣಿನಾಗ ಏನು ಮಾಡಬಹುದು ಅಂತ ನಾ ರಾತ್ರಿ ಯೋಚಿಸ್ತೀನಿ ಈಗ. ಕಾಳಿನ ಬೀಜ ಇಡೋ ಮುಚ್ಚಳದ ಗಡಿಗಿ, ಗುಬ್ಬಿಗೆ ನೀರಿಡೋ ತಟ್ಟಿ, ಎಲ್ಲಾ ತಲ್ಯಾಗ ಅದಾವ. ಐವತ್ತನೇ ವಯಸ್ಸಿನಾಗ ಹೊಸ ಕೆಲಸ ಕಲೀಬಹುದು ಅಂತ ಯಾರಾದರೂ ಮೊದಲೇ ಹೇಳಿದ್ರ ನಂಬ್ತಿರಲಿಲ್ಲ.

ಕಡಿಗೆ ನಾಕು ಮಾತು.

ಬ್ಯಾಸಿಗಿಯಲ್ಲಿ ಕೆರೆ ಹೂಳು ಹೊಲಕ್ಕ ಹೊಡೀತೀವಿ, ಹೊಡೀಬೇಕು. ಒಂದು ಮೂಲಿ ಜೇಡಿ ಕುಂಬಾರರಿಗೆ ಬಿಡ್ರಿ. ಹತ್ತಿ ಕಟಗಿ, ತೊಗರಿ ಕಟಗಿ ಬದುವಿನಾಗ ಸುಡೋ ಬದಲು ಅವರ ಆವಿಗಿಗೆ ಕಳಿಸ್ರಿ.

ನಿಮ್ಮೂರಿನ ಕುಂಬಾರರಿಗೆ ಪಿಎಂ ವಿಶ್ವಕರ್ಮ ಯೋಜನೆ ಬಗ್ಗೆ ಹೇಳ್ರಿ. 2023ರ ಸೆಪ್ಟೆಂಬರ್‌ನಲ್ಲಿ ಶುರುವಾಗಿದ್ದು, 18 ಕಸುಬಿನಾಗ ಕುಂಬಾರಿಕೆನೂ ಅದ. ತರಬೇತಿಗೆ ದಿನಕ್ಕ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿ, ಕಡಿಮೆ ಬಡ್ಡಿ ಸಾಲ ಇಟ್ಟಾರ. ಅರ್ಜಿ ಹಾಕಾಕ ಕಾಕಾನಂಥವರಿಗೆ ಓದು ಬರೋದಿಲ್ಲ, ನೀವು ಜೊತಿಗೆ ಹೋಗ್ರಿ.

ಮಣ್ಣಿನ ಕೆಲಸ ಮಾಡಬೇಕು ಅನ್ನಿಸಿದವರು ಒಣ ಮಣ್ಣು ಕುಟ್ಟುವಾಗ ಮೂಗಿಗೆ ಬಟ್ಟಿ ಕಟ್ಟಿಕೊಳ್ರಿ, ಆ ಧೂಳು ಎದಿಗೆ ಕೆಟ್ಟದು. ಕೈಗೆ ಗಾಯ ಇದ್ದರ ಮುಟ್ಟಬ್ಯಾಡ್ರಿ.

ಮನಸ್ಸು ಭಾರ ಆದವರು 14416ಕ್ಕ ಫೋನ್ ಹಚ್ರಿ. ಟೆಲಿ ಮಾನಸ್ ಅಂತ, ದುಡ್ಡಿಲ್ಲ, ಯಾವ ಹೊತ್ತಿನಲ್ಲೂ ಕನ್ನಡದಾಗೇ ಮಾತಾಡ್ತಾರ. ಮನಿಯವರು ಎಣ್ಣಿ ಡಬ್ಬಿಗೆ ಕೀಲಿ ಹಾಕಿ ಇಡ್ರಿ, ನಾಚಿಕಿ ಬ್ಯಾಡ. ಊರಾಗ ಕೈ ಹೋಗಿ ಕುಂತವರು ಇದ್ರ ಅವರ ಮನಿಗೆ ಹೋಗ್ರಿ. "ಪಾಪ" ಅನ್ನಬ್ಯಾಡ್ರಿ. ಆ ಕೈ ಮೊದಲು ಏನು ಕೆಲಸ ಮಾಡ್ತಿತ್ತು ಅಂತ ಕೇಳ್ರಿ.

ಹೂಳೋ ಗಡಿಗಿ ಬೇಕಾದವರು ಮುಂಗಾರು ಶುರುವಾಗೋ ಮೊದಲೇ ಹೇಳ್ರಿ. ಮಳಿ ಹತ್ತಿದರ ಗಡಿಗಿ ಒಣಗೋದಿಲ್ಲ, ಆವಿಗಿ ಹಚ್ಚಾಕ ಬರೋದಿಲ್ಲ. ಮುಂದಿನ ಬರಹ ತೊಗರಿ ನೆಟೆ ರೋಗ ಮತ್ತು ಬೀಜೋಪಚಾರದ ಬಗ್ಗೆ.